ಕೆ-ರೇರಾ ಪೋರ್ಟಲ್: ಓದುವವರಿಗೆ ಉಪಕಾರಿ, ವಸೂಲಿಗೆ ಹೋದವರಿಗೆ ದೂರದ ದಾರಿ

ಫ್ಲ್ಯಾಟ್ ಮಾರಾಟದ ಜಾಹೀರಾತಿನ ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಒಂದು ನಂಬರ್ ಇರುತ್ತದೆ. ಪಿಆರ್‌ಎಂ/ಕೆಎ/ರೇರಾ/1251 ಎಂದು ಶುರುವಾಗಿ ಇನ್ನೂ ಉದ್ದಕ್ಕೆ ಹೋಗುತ್ತದೆ. ಬಹಳಷ್ಟು ಜನ ಅದನ್ನು ನೋಡಿದ್ದೇ "ರೇರಾ ಆಗಿದೆಯಲ್ಲ, ಸಾಕು" ಎಂದು ಮುಂಗಡದ ಚೆಕ್ ಬರೆದುಬಿಡುತ್ತಾರೆ. ಆದರೆ ಆ ನಂಬರ್ ಹಿಡಿದು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ಕೆ-ರೇರಾ) ಪೋರ್ಟಲ್ ತೆರೆದರೆ ಬಿಲ್ಡರ್ ಮಾರಾಟ ಕಚೇರಿಯಲ್ಲಿ ಎಂದೂ ತಾನಾಗಿ ತೋರಿಸದ ಕಾಗದಗಳು ಸಿಗುತ್ತವೆ. ಲಾಗಿನ್ ಬೇಡ, ಶುಲ್ಕವಿಲ್ಲ, ಕಾಯಬೇಕಿಲ್ಲ. ವಿಳಾಸ: ರೇರಾ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್.

ಕೇಂದ್ರದ ಕಾಯ್ದೆ 2016ರದು, ಕರ್ನಾಟಕದ ನಿಯಮಗಳು 2017ರ ಜುಲೈನವು. ಈ ಎರಡರ ನಡುವೆಯೇ ಮೊದಲ ತೂತು ಇದೆ. ಆ ಹೊತ್ತಿಗೆ ನಡೆಯುತ್ತಿದ್ದ ಎಲ್ಲ ಯೋಜನೆಗಳೂ ನೋಂದಣಿಯಾಗಬೇಕು ಎಂಬುದು ಕಾಯ್ದೆಯ ಆಶಯವಾಗಿತ್ತು. ರಾಜ್ಯದ ನಿಯಮಗಳು ಕೆಲವಕ್ಕೆ ವಿನಾಯಿತಿ ಕೊಟ್ಟವು: ಶೇ 60ರಷ್ಟು ಮನೆಗಳ ಕ್ರಯಪತ್ರ ಆಗಿದ್ದರೆ ಬೇಡ, ಕೆಲಸ ಮುಗಿಸಿ ಒ.ಸಿ.ಗೆ (ಕಟ್ಟಡ ವಾಸಕ್ಕೆ ಸಿದ್ಧ ಎಂಬ ಸ್ವಾಧೀನಾನುಭವ ಪತ್ರಕ್ಕೆ) ಅರ್ಜಿ ಹಾಕಿದ್ದರೆ ಬೇಡ, ಹೀಗೆ. ಹಾಗಾಗಿ 2017ಕ್ಕಿಂತ ಹಿಂದೆ ಶುರುವಾದ ಅಪಾರ್ಟ್‌ಮೆಂಟಿನ ಹೆಸರು ಹುಡುಕಿದರೆ ಪೋರ್ಟಲ್‌ನಲ್ಲಿ ಏನೂ ಸಿಗದೇ ಹೋಗಬಹುದು. ಅದರಿಂದಲೇ ಕಟ್ಟಡ ಅಕ್ರಮ ಅಂತಾಗಲಿಲ್ಲ, ಸಕ್ರಮ ಅಂತಲೂ ಆಗಲಿಲ್ಲ. ಅಂಥ ಕಡೆ ಒ.ಸಿ. ಪ್ರತಿಯನ್ನೇ ಕೇಳಿ ಪಡೆಯಬೇಕು. ಹೊಸ ಯೋಜನೆಗಳಲ್ಲಿ 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆ ಇದ್ದರೆ ನೋಂದಣಿ ಕಡ್ಡಾಯ. 30x40 ಸೈಟಿನಲ್ಲಿ ಎದ್ದ ನಾಲ್ಕು ಫ್ಲ್ಯಾಟುಗಳ ಕಟ್ಟಡ ಈ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಒಳಬಡಾವಣೆಗಳಲ್ಲಿ ಮಾರಾಟಕ್ಕಿರುವ ಎಷ್ಟೋ ಮನೆಗಳು ಇಂಥವೇ.

ಮೊದಲು ನಂಬರನ್ನೇ ಓದಿ. 1251 ಎಂದರೆ ಬೆಂಗಳೂರು ನಗರ ಜಿಲ್ಲೆ, 1250 ಎಂದರೆ ಬೆಂಗಳೂರು ಗ್ರಾಮಾಂತರ. ಅದರ ಮುಂದಿನ ಅಂಕಿ ತಾಲ್ಲೂಕಿನದು. ನಂತರ ಪಿಆರ್ ಎಂದಿದ್ದರೆ ಯೋಜನೆ, ಎಜಿ ಎಂದಿದ್ದರೆ ಏಜೆಂಟ್. ಈ ಎರಡಕ್ಷರ ಗಮನಿಸದೆ ಮೋಸಹೋಗುವವರು ಕಡಿಮೆಯಿಲ್ಲ. ದಲ್ಲಾಳಿ ತನ್ನ ಏಜೆಂಟ್ ನಂಬರನ್ನೇ ಯೋಜನೆಯ ಚಿತ್ರದ ಕೆಳಗೆ ಹಾಕಿ "ರೇರಾ ಅಪ್ರೂವ್ಡ್" ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುತ್ತಾನೆ. ಆಮೇಲಿನ ಆರು ಅಂಕಿ ದಿನಾಂಕ, ವರ್ಷ-ತಿಂಗಳು-ದಿನದ ಕ್ರಮದಲ್ಲಿ: 171015 ಎಂದರೆ 2017ರ ಅಕ್ಟೋಬರ್ 15. ನಂಬರ್ ಪಿಆರ್‌ಎಂ ಬದಲು ಎಸಿಕೆ ಎಂದು ಶುರುವಾದರೆ ಅದು ಅರ್ಜಿ ಹಾಕಿದ್ದಕ್ಕೆ ಸಿಕ್ಕ ಸ್ವೀಕೃತಿ ಅಷ್ಟೇ, ನೋಂದಣಿ ಇನ್ನೂ ಆಗಿಲ್ಲ. ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಣಿಗೆ ಮೊದಲು ಜಾಹೀರಾತನ್ನೂ ಕೊಡುವಂತಿಲ್ಲ, ಬುಕಿಂಗ್‌ಗೆ ಕರೆಯುವಂತೆಯೂ ಇಲ್ಲ. "ಇಒಐ" (ಆಸಕ್ತಿ ಪತ್ರ) ಎಂಬ ಹೆಸರಿನಲ್ಲಿ, "ಬೇಡವಾದರೆ ವಾಪಸ್ ಕೊಡುತ್ತೇವೆ" ಎಂಬ ಮಾತಿನ ಮೇಲೆ ಲಕ್ಷ ರೂಪಾಯಿ ಚೆಕ್ ತೆಗೆದುಕೊಳ್ಳುವ ಪದ್ಧತಿ ಇದನ್ನು ದಾಟಲು ಹುಟ್ಟಿದ ಉಪಾಯ. ನೋಂದಣಿ ಮಾಡದ ಬಿಲ್ಡರ್‌ಗೆ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ದಂಡ ಹಾಕಲು ಅವಕಾಶವಿದೆ. ಹಾಗಿದ್ದೂ ಪ್ರೀ-ಲಾಂಚ್ ಎಂಬುದು ರಾಜಾರೋಷವಾಗಿ ನಡೆಯುತ್ತದೆ.

ಹುಡುಕುವ ಪುಟದಲ್ಲಿ ಯೋಜನೆಯ ಹೆಸರು, ಬಿಲ್ಡರ್ ಹೆಸರು, ಜಿಲ್ಲೆ, ತಾಲ್ಲೂಕು ಇವುಗಳಿಂದ ಹುಡುಕಬಹುದು. ಹೆಸರಿನ ಅಕ್ಷರ ಸ್ವಲ್ಪ ಬೇರೆಯಾದರೂ ಫಲಿತಾಂಶ ಬರುವುದಿಲ್ಲ, ಹಾಗಾಗಿ ಹೆಸರಿನ ಒಂದೇ ಪದ ಕೊಟ್ಟು ಹುಡುಕುವುದು ವಾಸಿ. ಮಾರುಕಟ್ಟೆಯಲ್ಲಿ ಓಡುವ ಬ್ರ್ಯಾಂಡ್ ಹೆಸರಿನಲ್ಲಿ ಸಿಗದಿದ್ದರೆ ಕಂಪನಿಯ ನೋಂದಾಯಿತ ಹೆಸರಿನಿಂದ ನೋಡಿ. ದೊಡ್ಡ ಬಿಲ್ಡರ್‌ಗಳೂ ಒಂದೊಂದು ಯೋಜನೆಗೆ ಒಂದೊಂದು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡಿರುತ್ತಾರೆ. ಇದು ಬರೀ ಹುಡುಕಾಟದ ತೊಂದರೆಯಲ್ಲ. ನಾಳೆ ದುಡ್ಡು ಕೊಡಬೇಕಾದದ್ದು ಆ ಸಣ್ಣ ಸಂಸ್ಥೆಯೇ ಹೊರತು ಹೋರ್ಡಿಂಗ್ ಮೇಲಿರುವ ಹೆಸರಲ್ಲ.

ಫಲಿತಾಂಶದ ಸಾಲಿನಲ್ಲೇ ಬಹಳಷ್ಟು ತಿಳಿಯುತ್ತದೆ. ಒಪ್ಪಿಗೆ ಸಿಕ್ಕ ದಿನ, ಮುಗಿಸುತ್ತೇವೆಂದು ಹೇಳಿದ ದಿನ, ಕೋವಿಡ್ ವಿಸ್ತರಣೆ, 6ನೇ ಸೆಕ್ಷನ್‌ನ ವಿಸ್ತರಣೆ, ಅದರ ಮೇಲೂ ಮತ್ತೊಂದು ವಿಸ್ತರಣೆ, ಕೊನೆಗೆ ದೂರು ಮತ್ತು ವ್ಯಾಜ್ಯಗಳ ಕಾಲಂ. ವಿಸ್ತರಣೆಯ ಕಾಲಂಗಳೆಲ್ಲ ತುಂಬಿದ್ದರೆ ಬಿಲ್ಡರ್‌ನ ಕೈಯಲ್ಲಿ ಹಣದ ಹರಿವು ಹೇಗಿದೆ ಎಂದು ಬೇರೆ ಹೇಳಬೇಕಿಲ್ಲ. ದೂರುಗಳ ಸಂಖ್ಯೆಯನ್ನು ಮಾತ್ರ ನೋಡಬೇಡಿ, ಅದೇ ಬಿಲ್ಡರ್‌ನ ಬೇರೆ ಯೋಜನೆಗಳನ್ನೂ ತೆರೆಯಿರಿ. ಸಾವಿರ ಮನೆಗಳ ಸಮುಚ್ಚಯದಲ್ಲಿ ಹತ್ತು ದೂರು ಮಾಮೂಲು. ನಲವತ್ತು ಮನೆಯ ಕಟ್ಟಡದಲ್ಲಿ ಹತ್ತಾದರೆ ಕಾಲು ಹಿಂದೆಗೆಯುವುದು ಒಳ್ಳೆಯದು.

ಪೋರ್ಟಲ್‌ನ ಜೀವ ಇರುವುದು ಅಪ್‌ಲೋಡ್ ಆದ ದಾಖಲೆಗಳ ಪಟ್ಟಿಯಲ್ಲಿ. ಮಂಜೂರಾದ ನಕ್ಷೆ, ಭೂಪರಿವರ್ತನೆ ಆದೇಶ, ಪಹಣಿ, ಇ.ಸಿ. (ಋಣಭಾರ ಪ್ರಮಾಣಪತ್ರ), ಜಮೀನು ಮಾಲೀಕರ ಜೊತೆಗಿನ ಜಂಟಿ ಅಭಿವೃದ್ಧಿ ಒಪ್ಪಂದ, ನಿರಾಕ್ಷೇಪಣಾ ಪತ್ರಗಳು, ಮಾರಾಟ ಕರಾರಿನ ಕರಡು ಎಲ್ಲ ಇಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಸ್ಕ್ಯಾನ್ ಗುಣಮಟ್ಟ ಕೆಲವೊಮ್ಮೆ ದೇವರಿಗೇ ಪ್ರೀತಿ. ನಕ್ಷೆಯ ಅಳತೆಗಳು ಓದಲಾಗದಷ್ಟು ಮಸುಕಾಗಿರುತ್ತವೆ, ಕೆಲವು ಕಡೆ ಒಂದು ಹೆಸರಿನ ಕಡತ ತೆರೆದರೆ ಇನ್ಯಾವುದೋ ಕಾಗದ ಬರುತ್ತದೆ. ದಾಖಲೆ ಹಾಕಿದ್ದಾರೆಯೇ ಎಂದು ವ್ಯವಸ್ಥೆ ನೋಡುತ್ತದೆ; ಸರಿಯಾದದ್ದನ್ನೇ ಹಾಕಿದ್ದಾರೆಯೇ ಎಂದು ನೋಡುವ ಕೆಲಸ ಕೊಳ್ಳುವವರ ಪಾಲಿಗೆ ಉಳಿದಿದೆ.

ನಕ್ಷೆಯಲ್ಲಿ ಮೂರು ಸಂಗತಿ ಗಮನಿಸಿ. ಎಷ್ಟು ಅಂತಸ್ತಿಗೆ ಮಂಜೂರಾತಿ ಇದೆ, ಮತ್ತು ನಿಮಗೆ ತೋರಿಸುತ್ತಿರುವ ಮನೆ ಅದರೊಳಗೆ ಬರುತ್ತದೆಯೇ. ಮಂಜೂರು ಮಾಡಿದವರು ಯಾರು: ಪಾಲಿಕೆಯೋ, ಬಿ.ಡಿ.ಎ.ಯೋ, ಆನೇಕಲ್, ಹೊಸಕೋಟೆ, ನೆಲಮಂಗಲದಂಥ ಯೋಜನಾ ಪ್ರಾಧಿಕಾರವೋ. ಗ್ರಾಮ ಪಂಚಾಯಿತಿ ಮುದ್ರೆ ಮಾತ್ರ ಇರುವ ಬಡಾವಣೆ ನಕ್ಷೆಯನ್ನು ನಂಬಬೇಡಿ, ಬಡಾವಣೆ ಮಂಜೂರು ಮಾಡುವ ಅಧಿಕಾರ ಪಂಚಾಯಿತಿಗಿಲ್ಲ. ಮೂರನೆಯದು ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ. ಬೆಂಗಳೂರಿನ 'ಪರಿಷ್ಕೃತ ಮಹಾಯೋಜನೆ-2015' ಕಾಲುವೆಗಳನ್ನು ಮೂರು ದರ್ಜೆ ಮಾಡಿ, ಕಾಲುವೆಯ ಮಧ್ಯದಿಂದ 50, 25 ಮತ್ತು 15 ಮೀಟರ್ ಬಿಡಬೇಕೆಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಅಂಚಿಗೆ 75 ಮೀಟರ್ ಎಂದಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಾಗಾಗಿ ನಕ್ಷೆ ಯಾವ ವರ್ಷ ಮಂಜೂರಾಯಿತು ಎಂಬುದರ ಮೇಲೆ ಬಿಟ್ಟ ಜಾಗದ ಅಳತೆಯೂ ಬದಲಾಗಿರುತ್ತದೆ. ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗುವುದೂ ಇದಕ್ಕೆ ಸಂಬಂಧಿಸಿದ್ದೇ, ಆದ್ದರಿಂದ ನಕ್ಷೆಯ ಜೊತೆಗೆ ಗ್ರಾಮನಕ್ಷೆಯನ್ನು ಇಟ್ಟುಕೊಂಡು ನೋಡುವುದು ಒಳಿತು.

ಇ.ಸಿ. ವಿಷಯದಲ್ಲಿ ಪೋರ್ಟಲ್‌ಗೆ ಒಂದು ಮಿತಿ ಇದೆ. ಅಲ್ಲಿರುವುದು ಅರ್ಜಿ ಹಾಕಿದ ದಿನದವರೆಗಿನದು. ಬಿಲ್ಡರ್ ಆಮೇಲೆ ಇಡೀ ಜಮೀನನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ ಆ ಪ್ರತಿಯಲ್ಲಿ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ಇ.ಸಿ. ಆನ್‌ಲೈನ್‌ನಲ್ಲೇ ಸಿಗುತ್ತದೆ, ಅದನ್ನು ಹೊಸದಾಗಿ ತೆಗೆಸಿ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಅಡಮಾನ ಕಂಡರೆ ಗಾಬರಿ ಬೇಡ, ದೊಡ್ಡ ಯೋಜನೆಗಳಲ್ಲಿ ಅದು ಸಾಮಾನ್ಯ. ಆದರೆ ನಿಮ್ಮ ಫ್ಲ್ಯಾಟಿನ ನಂಬರ್ ನಮೂದಿಸಿ ಆ ಬ್ಯಾಂಕ್ ಕೊಟ್ಟ ನಿರಾಕ್ಷೇಪಣಾ ಪತ್ರ ಕೈಗೆ ಬರದೆ ಕರಾರಿಗೆ ಸಹಿ ಹಾಕಬೇಡಿ.

ಹಂತಗಳ ಆಟವನ್ನು ಗುರುತಿಸಲು ಪೋರ್ಟಲ್‌ಗಿಂತ ಒಳ್ಳೆಯ ಸಾಧನ ಇಲ್ಲ. ಕಾಯ್ದೆಯಲ್ಲಿ ಪ್ರತಿ ಹಂತವೂ ಪ್ರತ್ಯೇಕ ಯೋಜನೆ. ಬ್ರೋಷರ್‌ನಲ್ಲಿ ಹತ್ತು ಟವರ್, ಕ್ಲಬ್‌ಹೌಸ್, ಈಜುಕೊಳ ಎಲ್ಲ ಒಂದೇ ಚಿತ್ರದಲ್ಲಿರುತ್ತವೆ. ಪೋರ್ಟಲ್‌ನಲ್ಲಿ ನೋಡಿದರೆ ನಿಮ್ಮ ಟವರ್ ಮೊದಲ ಹಂತದಲ್ಲಿ, ಕ್ಲಬ್‌ಹೌಸ್ ಮೂರನೆಯದರಲ್ಲಿ ಇರಬಹುದು, ಆ ಮೂರನೆಯ ಹಂತಕ್ಕೆ ಇನ್ನೂ ಅರ್ಜಿಯೇ ಹೋಗಿಲ್ಲದಿರಬಹುದು. ಆಗ ಕ್ಲಬ್‌ಹೌಸ್ ತಡವಾಯಿತೆಂದು ಮೊದಲ ಹಂತದ ನೋಂದಣಿಯ ಮೇಲೆ ದೂರು ಕೊಟ್ಟರೆ ವಾದ ಜಾರುತ್ತದೆ. ಕರಾರಿನ ಅನುಬಂಧದಲ್ಲಿ ಯಾವ ಸೌಲಭ್ಯ ಯಾವ ದಿನಾಂಕಕ್ಕೆ ಎಂದು ಬರೆಸಿಕೊಳ್ಳುವುದೇ ದಾರಿ.

ಯೋಜನೆಯ ವಿವರದಲ್ಲಿ ನೀರಿನ ಮೂಲ ಎಂಬ ಒಂದು ಸಾಲಿದೆ. ಯಾರೂ ಅದನ್ನು ಓದುವುದಿಲ್ಲ. ಅಲ್ಲಿ ಕೊಳವೆಬಾವಿ ಎಂದಷ್ಟೇ ಇದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ನಿರ್ವಹಣಾ ಶುಲ್ಕಕ್ಕೆ ಬಂದು ಕೂರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ವ್ಯವಸ್ಥೆ ಆಯಿತು, ಆದರೆ ಅದು 110 ಹಳ್ಳಿಗಳಿಗೆಂದು ಮಾಡಿದ್ದು. ನಿಮ್ಮ ಸರ್ವೆ ನಂಬರ್ ಆ ಗಡಿಯೊಳಗಿದೆಯೇ ಎಂದು ಜಲಮಂಡಳಿಯ ನಿರಾಕ್ಷೇಪಣಾ ಪತ್ರ ನೋಡಿ ತಿಳಿಯಿರಿ, "ಕಾವೇರಿ ಬರ್ತಿದೆ ಸಾರ್" ಎಂಬ ಮಾತಿನಿಂದಲ್ಲ. ಒಟ್ಟು ಕಟ್ಟಡ 20,000 ಚದರ ಮೀಟರ್ ದಾಟಿದ್ದರೆ ಪರಿಸರ ಅನುಮೋದನೆಯ ಪತ್ರವೂ ಪಟ್ಟಿಯಲ್ಲಿರಲೇಬೇಕು.

ಕಾರ್ಪೆಟ್ ಏರಿಯಾ ಕಾಲಂ ಈ ಪೋರ್ಟಲ್‌ನ ದೊಡ್ಡ ಉಪಕಾರ. ಹೊರಗೋಡೆ, ಸರ್ವಿಸ್ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಬಿಟ್ಟು, ಒಳಗೋಡೆ ಸೇರಿಸಿ ಲೆಕ್ಕ ಹಾಕಿದ್ದು ಕಾರ್ಪೆಟ್. ಮಾರಾಟದವರು ಇಂದಿಗೂ ಗೋಡೆ, ಮೆಟ್ಟಿಲು, ಸಾಮಾನ್ಯ ಜಾಗದ ಪಾಲು ಎಲ್ಲ ಸೇರಿದ ಸೂಪರ್ ಬಿಲ್ಟ್-ಅಪ್ ಹೇಳುತ್ತಾರೆ. 1,200 ಚದರ ಅಡಿ, ಅಡಿಗೆ 8,000 ಎಂದರೆ 96 ಲಕ್ಷ. ಪೋರ್ಟಲ್‌ನಲ್ಲಿ ಅದೇ ಮನೆ 800 ಚದರ ಅಡಿ ಕಾರ್ಪೆಟ್ ಎಂದಿದ್ದರೆ ನೀವು ಅಡಿಗೆ ಕೊಡುತ್ತಿರುವುದು 12,000. ಎರಡು ಯೋಜನೆಗಳನ್ನು ಹೋಲಿಸುವಾಗ ಈ ಅಂಕಿಯನ್ನೇ ಇಟ್ಟುಕೊಳ್ಳಿ. ತೆರೆದ ಜಾಗದ ಪಾರ್ಕಿಂಗ್ ಅನ್ನು ಬೇರೆಯಾಗಿ ಮಾರುವಂತಿಲ್ಲ ಎಂಬುದೂ ನೆನಪಿರಲಿ, ಅದು ಸಾಮಾನ್ಯ ಪ್ರದೇಶ.

ತ್ರೈಮಾಸಿಕ ವರದಿಗಳದು ಬೇರೆ ಕತೆ. ಪ್ರತಿ ಮೂರು ತಿಂಗಳಿಗೆ ಎಷ್ಟು ಮನೆ ಮಾರಾಟವಾಯಿತು, ಕೆಲಸ ಎಲ್ಲಿಗೆ ಬಂತು ಎಂದು ಬಿಲ್ಡರ್ ಹಾಕಬೇಕು. ಕೊಳ್ಳುವವರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕ ಪರಿಶೋಧಕ ಮೂವರ ಪ್ರಮಾಣಪತ್ರವಿದ್ದರೆ ಮಾತ್ರ, ಕೆಲಸ ಆದಷ್ಟಕ್ಕೆ ತೆಗೆಯಬೇಕು. ನೋಡುವ ಬಗೆ ಇಷ್ಟು: ಖರ್ಚಾದ ಹಣದ ಶೇಕಡಾವಾರು ಮತ್ತು ಮುಗಿದ ಕೆಲಸದ ಶೇಕಡಾವಾರು ಪಕ್ಕ ಪಕ್ಕ ಇಡಿ. ಹಣ ಶೇ 70 ಖರ್ಚಾಗಿ ಕೆಲಸ ಶೇ 40ರಲ್ಲೇ ನಿಂತಿದ್ದರೆ ಪ್ರಶ್ನೆ ಕೇಳಲೇಬೇಕು. ಎರಡು ಮೂರು ವರದಿಗಳಲ್ಲಿ ಒಂದೇ ಅಂಕಿಗಳು ಅಕ್ಷರಶಃ ಮರುಕಳಿಸಿದ್ದರೆ ವರದಿ ಬರೆಯುವವರು ಸೈಟಿಗೆ ಹೋಗಿಲ್ಲ ಎಂದರ್ಥ.

ಬಡಾವಣೆ ಸೈಟು ಕೊಳ್ಳುವವರು ಇನ್ನೊಂದು ಕಾಗದ ಹುಡುಕಬೇಕು. ಬಡಾವಣೆ ನಕ್ಷೆಗೆ ಒಪ್ಪಿಗೆ ಸಿಕ್ಕಿತು ಎಂದ ಮಾತ್ರಕ್ಕೆ ಎಲ್ಲ ಸೈಟುಗಳೂ ಮಾರಾಟಕ್ಕೆ ಸಿದ್ಧವಲ್ಲ. ರಸ್ತೆ, ಚರಂಡಿ, ವಿದ್ಯುತ್ ಕೆಲಸ ನಡೆದಂತೆ ಯೋಜನಾ ಪ್ರಾಧಿಕಾರ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡುತ್ತದೆ, ಆ ಆದೇಶದಲ್ಲಿ ನಿಮ್ಮ ಸೈಟ್ ನಂಬರ್ ಇರಬೇಕು. ಫಾರ್ಮ್ ಪ್ಲಾಟುಗಳದ್ದಂತೂ ಪೋರ್ಟಲ್‌ನಲ್ಲಿ ಸುಳಿವೂ ಸಿಗದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಯಿತು, ಗುಂಟೆ ಲೆಕ್ಕದ ತೋಟಗಳ ಮಾರಾಟವೂ ಏರಿತು. ಅವು ಕಾಗದದಲ್ಲಿ ಕೃಷಿ ಭೂಮಿಯಾಗಿಯೇ ಉಳಿಯುವುದರಿಂದ ರೇರಾದ ರಕ್ಷಣೆಯನ್ನು ಅಲ್ಲಿ ನೆಚ್ಚಬೇಡಿ.

ಇಲ್ಲಿಯವರೆಗೆ ಪೋರ್ಟಲ್‌ಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಮಸುಕು ಸ್ಕ್ಯಾನ್‌ಗಳಿಗೆ ಒಂದು ಕಡಿತ. ದೂರು ಕೊಟ್ಟ ಮೇಲಿನ ಸೇವೆಗೆ ಎರಡಕ್ಕಿಂತ ಹೆಚ್ಚು ಕೊಡಲು ಕೈ ಬರುವುದಿಲ್ಲ.

ದೂರು ಹಾಕುವುದೇನೋ ಸುಲಭ. ಖಾತೆ ತೆರೆದು, ವಿವರ ತುಂಬಿ, ಕರಾರು, ಪಾವತಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿ, ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಬೇಕು. ವಕೀಲರು ಕಡ್ಡಾಯವಲ್ಲ. ಕೇಸು ಎಡವುವುದು ಮುಖ್ಯವಾಗಿ ಎರಡು ಕಡೆ. ಒಂದು, ಏನು ಬೇಕು ಎಂದು ಸ್ಪಷ್ಟವಾಗಿ ಬರೆಯದಿರುವುದು. 18ನೇ ಸೆಕ್ಷನ್ ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಹಣವನ್ನು ಬಡ್ಡಿಸಮೇತ ವಾಪಸ್ ಪಡೆಯುವುದು, ಅಥವಾ ಮನೆ ಬೇಕೆಂದು ಉಳಿದು ಸ್ವಾಧೀನ ಸಿಗುವವರೆಗೆ ತಿಂಗಳು ತಿಂಗಳಿಗೆ ಬಡ್ಡಿ ಪಡೆಯುವುದು. ಎರಡನ್ನೂ ಒಟ್ಟಿಗೆ ಕೇಳಿದರೆ ವಿಚಾರಣೆ ಒಂದು ಸುತ್ತು ಹಿಂದಕ್ಕೆ ಹೋಗುತ್ತದೆ. ಮಾನಸಿಕ ಹಿಂಸೆ, ಬಾಡಿಗೆ ನಷ್ಟ ಇವುಗಳಿಗೆ ಪರಿಹಾರ ಕೇಳುವುದು 71ನೇ ಸೆಕ್ಷನ್ ಅಡಿ ನ್ಯಾಯನಿರ್ಣಯ ಅಧಿಕಾರಿಯ ಮುಂದೆ, ಪ್ರಾಧಿಕಾರದ ಮುಂದಲ್ಲ. ಸುಪ್ರೀಂ ಕೋರ್ಟ್ 2021ರ ನವೆಂಬರ್‌ನ ನ್ಯೂಟೆಕ್ ತೀರ್ಪಿನಲ್ಲಿ ಈ ಗೆರೆಯನ್ನು ಖಚಿತವಾಗಿ ಎಳೆದಿದೆ.

ಕೇಸು ಎಡವುವ ಎರಡನೆಯ ಕಡೆ, ಬಡ್ಡಿ ಲೆಕ್ಕದ ಪಟ್ಟಿ ಇಲ್ಲದಿರುವುದು. ಬಡ್ಡಿ ದರ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ (ಬ್ಯಾಂಕ್ ಸಾಲದ ಆಧಾರ ದರ) ಮೇಲೆ ಶೇ 2. ಲೆಕ್ಕಕ್ಕೆ ಶೇ 10 ಎಂದು ಹಿಡಿದರೆ 60 ಲಕ್ಷ ಕಟ್ಟಿದವರಿಗೆ ತಿಂಗಳಿಗೆ 50,000 ರೂಪಾಯಿ ಆಗುತ್ತದೆ. ಉಳಿಯುವವರು ಕರಾರಿನಲ್ಲಿ ಹೇಳಿದ ಸ್ವಾಧೀನದ ದಿನಕ್ಕೆ ಗ್ರೇಸ್ ಅವಧಿ ಸೇರಿಸಿ, ಅದರ ಮರುದಿನದಿಂದ ಲೆಕ್ಕ ಹಾಕಬೇಕು. ಹೊರಬರುವವರು ಪ್ರತಿ ಕಂತು ಕಟ್ಟಿದ ದಿನದಿಂದ ಬೇರೆ ಬೇರೆ ಸಾಲುಗಳಲ್ಲಿ ಹಾಕಬೇಕು. ಕಟ್ಟಿದ ದಿನ, ಮೊತ್ತ, ದಿನಗಳು, ದರ, ಬಡ್ಡಿ ಹೀಗೆ ಐದು ಕಾಲಂಗಳ ಪಟ್ಟಿ ಮೊದಲ ದಿನವೇ ಸಿದ್ಧವಿದ್ದರೆ ಒಂದೆರಡು ವಾಯಿದೆ ಉಳಿಯುತ್ತದೆ.

ದೂರನ್ನು 60 ದಿನಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಗಡುವು ಪುಸ್ತಕದಲ್ಲೇ ಉಳಿದಿದೆ. ಆದೇಶ ಬಂದ ಮೇಲೂ ಬಿಲ್ಡರ್ ಕೊಡದಿದ್ದರೆ ಪ್ರಾಧಿಕಾರ ವಸೂಲಿ ಪ್ರಮಾಣಪತ್ರ ಹೊರಡಿಸಿ ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕಾದದ್ದು ತಹಶೀಲ್ದಾರ್. ಪ್ರಾಧಿಕಾರಕ್ಕೆ ಸ್ವಂತ ವಸೂಲಿ ಸಿಬ್ಬಂದಿ ಇಲ್ಲ, ತಹಶೀಲ್ದಾರ್‌ಗೆ ಜಮೀನು, ಚುನಾವಣೆ, ಬರ, ನೆರೆ ಎಲ್ಲ ಮುಗಿದ ಮೇಲೆ ಇದು. ಕಡತ ಅಲ್ಲಿ ಕೂರುವುದು ಈ ಕಾರಣಕ್ಕೆ. ನೀವು ಮಾಡಬಹುದಾದದ್ದು ಬಿಲ್ಡರ್‌ನ ಆಸ್ತಿ ಯಾವುದು, ಎಲ್ಲಿದೆ ಎಂದು ನೀವೇ ಪಟ್ಟಿ ಮಾಡಿ ಕೊಡುವುದು. ಮಾರದೆ ಉಳಿದ ಫ್ಲ್ಯಾಟುಗಳ ನಂಬರ್ ತ್ರೈಮಾಸಿಕ ವರದಿಯ ಜೊತೆ ಹೋಲಿಸಿದರೆ ಸಿಗುತ್ತದೆ, ಸರ್ವೆ ನಂಬರ್ ಇ.ಸಿ.ಯಲ್ಲಿರುತ್ತದೆ. ಬರಿಯ ಕಂಪನಿ ವಿಳಾಸವಷ್ಟೇ ಇರುವ ಪ್ರಮಾಣಪತ್ರ "ಆಸ್ತಿ ಪತ್ತೆಯಾಗಿಲ್ಲ" ಎಂಬ ಷರಾ ಹೊತ್ತು ವಾಪಸ್ ಬರುತ್ತದೆ. ಬಿಲ್ಡರ್ ಮೇಲ್ಮನವಿಗೆ ಹೋದರೆ ಅದೊಂದು ರೀತಿಯಲ್ಲಿ ಒಳ್ಳೆಯದೇ: 43(5)ನೇ ಸೆಕ್ಷನ್ ಪ್ರಕಾರ ಬಡ್ಡಿ, ಪರಿಹಾರ ಸೇರಿ ನಿಮಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಠೇವಣಿ ಇಡದೆ ಅವರ ಮೇಲ್ಮನವಿ ನಡೆಯುವುದಿಲ್ಲ.

ಒ.ಸಿ. ಇಲ್ಲದೆ ಕೀ ಕೊಟ್ಟರೆ ತೆಗೆದುಕೊಂಡು ಕೂರಬೇಡಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒ.ಸಿ. ಇಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಸಿಗುವುದೇ ಕಷ್ಟವಾಗಿ, ಎಷ್ಟೋ ಕಡೆ ನಿರ್ಮಾಣಕ್ಕೆಂದು ಕೊಟ್ಟ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡುವಂತಾಯಿತು. ಒ.ಸಿ. ಬಂದ ಮೂರು ತಿಂಗಳೊಳಗೆ ಕ್ರಯಪತ್ರ ಮಾಡಿಕೊಡಬೇಕು. ಸ್ವಾಧೀನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ತಿಳಿಸಿದ 30 ದಿನಗಳಲ್ಲಿ ಬಿಲ್ಡರ್ ಬಿಟ್ಟಿಯಾಗಿ ಸರಿಪಡಿಸಬೇಕು. ತಿಳಿಸುವುದು ಇ-ಮೇಲ್ ಮತ್ತು ನೋಂದಾಯಿತ ಅಂಚೆ ಎರಡರಲ್ಲೂ ಇರಲಿ, ಸೋರುವ ಗೋಡೆಯ ಫೋಟೊ ದಿನಾಂಕ ಸಮೇತ.

ದೂರು ಹಾಕುವ ಮೊದಲು ಇನ್ನೊಂದು ತಪಾಸಣೆ ಬೇಕು: ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿ ಇದೆಯೇ ಎಂದು ಕಂಪನಿ ಕಾನೂನು ನ್ಯಾಯಮಂಡಳಿಯ ಜಾಲತಾಣದಲ್ಲಿ ನೋಡಿ. ಅರ್ಜಿ ಅಲ್ಲಿ ಅಂಗೀಕಾರವಾಗಿ ವಿರಾಮಾಜ್ಞೆ (ವಸೂಲಿ ಕ್ರಮಗಳಿಗೆ ತಡೆ) ಜಾರಿಯಾದರೆ ರೇರಾದ ವಸೂಲಿ ಅಲ್ಲಿಗೇ ನಿಲ್ಲುತ್ತದೆ. 2018ರ ತಿದ್ದುಪಡಿಯಿಂದ ಮನೆ ಕೊಂಡವರೂ ಹಣಕಾಸು ಸಾಲದಾತರ (ಕಂಪನಿಯಿಂದ ಹಣ ಬರಬೇಕಾದವರ) ಪಟ್ಟಿಗೆ ಸೇರುತ್ತಾರೆ. ಆದರೆ ತಾನಾಗಿಯೇ ಯಾರೂ ಸೇರಿಸುವುದಿಲ್ಲ, ದಿವಾಳಿ ಪ್ರಕ್ರಿಯೆ ನಡೆಸುವ ಪರಿಹಾರ ವೃತ್ತಿಪರರಿಗೆ ಸಿಎ ನಮೂನೆಯಲ್ಲಿ ಬರಬೇಕಾದ ಹಣದ ಕ್ಲೇಮು ಕಳಿಸಬೇಕು. ಪತ್ರಿಕಾ ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನ ತಪ್ಪಿದರೂ ಪ್ರಕ್ರಿಯೆ ಶುರುವಾದ ದಿನದಿಂದ 90 ದಿನದೊಳಗೆ ಕಳಿಸಿದರೆ ಸ್ವೀಕರಿಸುತ್ತಾರೆ. ರೇರಾ ಆದೇಶ ಆಗಲೇ ಕೈಯಲ್ಲಿದ್ದರೆ ಅದರ ಪ್ರತಿಯನ್ನೂ ಬಡ್ಡಿ ಲೆಕ್ಕದ ಪಟ್ಟಿಯನ್ನೂ ಆ ನಮೂನೆಗೆ ಲಗತ್ತಿಸಿ.